ನಾನಾ ಬೊವಾಚಿಯ ಮುಂದೆ ಎಡಗೈ

ನಮ್ಮೂರು ಅಸುಕೋಮದ ತಾಂತ್ರಿಕ ವಿಶ್ವವಿದ್ಯಾಲಯ ಡಚ್ಚರು ಕೊಟ್ಟ ದಾನ ಎಂದು ಯಾರಾದರೂ ಅಂದರೆ ನಾನು ಕೈಯಲ್ಲಿರುವ ಸ್ಪ್ಯಾನರನ್ನು ಮೊದಲು ಕೆಳಗಿಡುತ್ತೇನೆ, ಆಮೇಲೆ ಮಾತಾಡುತ್ತೇನೆ. ಹಿಡಿದುಕೊಂಡೇ ಮಾತಾಡಿದರೆ ಏನಾದೀತೋ ನನಗೇ ಗೊತ್ತಿಲ್ಲ. ದಾನವಂತೆ! ನಾಲ್ಕು ತಲೆಮಾರಿನಿಂದ ನಮ್ಮ ಕೋಕೋ ಅವರ ಬಂದರಿಗೆ ಹೋಗುತ್ತಿದೆ. ಅವರ ಮಕ್ಕಳು ಕಚ್ಚುವ ಒಂದೊಂದು ಚಾಕೊಲೇಟಿನಲ್ಲೂ ನಮ್ಮಜ್ಜಿಯ ಸೊಂಟನೋವು ಇದೆ. ಅವರು ಯಂತ್ರ ಕಳಿಸಿದರು, ಮೇಷ್ಟರನ್ನು ಕಳಿಸಿದರು, ನಮ್ಮ ಹುಡುಗರನ್ನು ಅರ್ಧ ವರ್ಷ ಅಲ್ಲಿಗೆ ಕರೆಸಿಕೊಂಡು ಕಲಿಸಿದರು. ಸರಿ, ಒಪ್ಪಿದೆ. ಗೋಡೆ ಕಟ್ಟಿದವರು ಯಾರು? ಮನೆಗೊಬ್ಬರಂತೆ ಹೋಗಿ ಇಟ್ಟಿಗೆ ಹೊತ್ತೆವು. ಹೊರಲು ಬಾರದವರ ಬಾಗಿಲಲ್ಲಿ ನಮ್ಮ ಹೆಂಗಸರು ನಿಂತು, ಅವರ ಹೆಸರು ಸೇರಿಸಿ ಹಾಡು ಕಟ್ಟಿ ಮರ್ಯಾದೆ ತೆಗೆದರು. ಅದಕ್ಕೆ ಪಾಲುದಾರಿಕೆ ಅನ್ನುತ್ತಾರೆ. ಪಾಲು ಎಂದ ಮೇಲೆ ಎರಡೂ ಕಡೆ ಇರಬೇಕು. ನಮ್ಮ ಕಡೆಯ ಪಾಲಿನಲ್ಲಿ ನನ್ನ ತಂಗಿ ಫ್ರೇಮಾ ಇದ್ದಳು.

ಫ್ರೇಮಾ ಹುಟ್ಟಿನಿಂದಲೇ ಎಡಚಿ. ನಮ್ಮಲ್ಲಿ ಎಡಗೈಯಲ್ಲಿ ಕೊಟ್ಟರೆ ಭಿಕ್ಷುಕನೂ ತೆಗೆದುಕೊಳ್ಳುವುದಿಲ್ಲ. ಅಪ್ಪನ ಊರಿನ ದಾರಿಯನ್ನು ಎಡಗೈಯಲ್ಲಿ ತೋರಿಸಬೇಡ ಎಂದು ಗಾದೆಯೇ ಇದೆ. ಅವಳು ಮೂರನೇ ತರಗತಿಯಲ್ಲಿದ್ದಾಗ ಮೇಷ್ಟರು ಅವಳ ಎಡಗೈಯನ್ನು ಬೆಂಚಿನ ಕಾಲಿಗೆ ಬಟ್ಟೆಯಿಂದ ಬಿಗಿದು ಬಲಗೈಯಲ್ಲಿ ಬರೆಸುತ್ತಿದ್ದರು. ನಾನು ಎಂಟನೆಯಲ್ಲಿದ್ದೆ. ಕಿಟಕಿಯಿಂದ ಕಂಡಿತು. ಒಳಗೆ ನುಗ್ಗಿದವನೇ ಮೇಷ್ಟರ ಬೆತ್ತ ಕಿತ್ತುಕೊಂಡು ಹೋಗಿ ಕಕ್ಕಸಿನ ಗುಂಡಿಗೆ ಎಸೆದೆ. ಅಲ್ಲಿಗೆ ನನ್ನ ಓದು ಮುಗಿಯಿತು. ಅದಕ್ಕೆ ಇವತ್ತಿಗೂ ಬೇಜಾರಿಲ್ಲ. ಗ್ಯಾರೇಜು ಸೇರಿ ವೆಲ್ಡಿಂಗು ಕಲಿತೆ. ಅವಳು ಬಲಗೈಯಲ್ಲಿ ಬರೆಯಲು ಕಲಿತಳು, ಮಿಕ್ಕ ಕೆಲಸವನ್ನೆಲ್ಲ ಕದ್ದು ಎಡಗೈಯಲ್ಲಿ ಮಾಡಿದಳು, ಬಿಡದೆ ಓದಿ ಯಂತ್ರ ವಿಭಾಗದ ಮೊದಲ ತಂಡಕ್ಕೆ ಸೇರಿದಳು.

ಅಲ್ಲಿ ಪಾಠ ಹೇಳಲು ಬಂದ ಡಚ್ ಹೆಂಗಸು ಮಾರೈಕೆ ಮೇಡಂ ಕೂಡ ಎಡಚಿಯೇ. ಮೊದಲನೇ ದಿನವೇ ಎಡಗೈಯಲ್ಲಿ ಹಾಳೆ ಹಂಚಿದರಂತೆ. ಇಡೀ ತರಗತಿ ಕೈ ಮುಂದೆ ಚಾಚದೆ ಕೂತಿತಂತೆ. ಸಂತೆಯಲ್ಲಂತೂ ಟೊಮೇಟೊ ಮಾರುವವಳು ಅವರು ಎಡಗೈಯಲ್ಲಿ ಚಾಚಿದ ದುಡ್ಡು ಮುಟ್ಟದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಯ್ಯೋ ಒಬ್ರೊನಿ, ನಿಂಗೆ ಹೇಳಿಕೊಡೋಕೆ ತಾಯಿ ಇರ್ಲಿಲ್ವೇನಮ್ಮ? ಬಲಗೈನ ವಿಮಾನದಲ್ಲೇ ಮರೆತು ಬಂದ್ಯಾ?"

ಬಿಳಿಯರನ್ನು ನಾವು ಒಬ್ರೊನಿ ಎಂದೇ ಕರೆಯುವುದು. ಅಂದಿನಿಂದ ಮೇಡಂ ಊರೊಳಗೆ ಬಲಗೈಯವರಾದರು, ಕಾರ್ಯಾಗಾರದೊಳಗೆ ಎಡಗೈಯವರಾಗಿಯೇ ಉಳಿದರು. ಅಲ್ಲಿ ಯಾರೂ ಬೈಯುವುದಿಲ್ಲ ಎಂದು ತಿಳಿದ ದಿನ ಫ್ರೇಮಾಳ ಕೈಗೂ ಬಿಡುಗಡೆಯಾಯಿತು. ಮನೆಗೆ ಬಂದು, "ಅಣ್ಣ, ಇವತ್ತು ಇಡೀ ದಿನ ಕದೀಲಿಲ್ಲ" ಎಂದಳು. ನನಗೆ ಅರ್ಥವಾಯಿತು.

ಅವಳು ಮತ್ತು ಅವಳ ಗೆಳೆಯರು ಕೂಡಿ ಮಾಡಿದ್ದು ಕೋಕೋ ಬೀಜ ಆರಿಸುವ ಯಂತ್ರ. ಚಾಪೆಯ ಮೇಲೆ ಒಣಗಿದ ಬೀಜ ಹರಡಿದರೆ, ಮೇಲಿನ ಕ್ಯಾಮೆರಾ ನೋಡುತ್ತದೆ, ಒಂದು ಕಬ್ಬಿಣದ ಕೈ ಬಂದು ಬೂಸ್ಟು ಹಿಡಿದದ್ದು, ಚಪ್ಪಟೆಯಾದದ್ದು, ಮೊಳಕೆ ಒಡೆದದ್ದನ್ನು ಹೆಕ್ಕಿ ಡಬ್ಬಕ್ಕೆ ಹಾಕುತ್ತದೆ. ಯಾವುದು ಕೆಟ್ಟ ಬೀಜ ಎಂದು ಆ ಕ್ಯಾಮೆರಾಕ್ಕೆ ಕಲಿಸಲು ಅವಳು ಎರಡು ಸುಗ್ಗಿ ತೆಗೆದುಕೊಂಡಳು. ಯಂತ್ರದ ಕಾಲುಗಳನ್ನು ವೆಲ್ಡ್ ಮಾಡಿದವನು ನಾನು. ಕೈಯನ್ನು ಎಡಬದಿಗೆ ಕೂರಿಸು ಎಂದು ಅವಳು ಅಂದಳು, ಕೂರಿಸಿದೆ. ಅವಳ ಮೈಯೇ ಹಾಗೆ ಯೋಚಿಸುತ್ತದೆ.

ಇಷ್ಟರಲ್ಲಿ ಎರಡು ವಿಶ್ವವಿದ್ಯಾಲಯಗಳೂ ಕೂತು, ಯಂತ್ರ ವಿಭಾಗಕ್ಕೆ ದೊಡ್ಡದೊಂದು ಕಟ್ಟಡ ಬೇಕು ಎಂದು ತೀರ್ಮಾನಿಸಿದವು. ಡಚ್ಚರ ಯಂತ್ರಗಳು ತೇಮಾ ಬಂದರಿಗೆ ಬಂದು ಇಳಿದಿದ್ದವು. ಕಟ್ಟಲು ಜಾಗ ಬೇಕಿತ್ತು. ಹೊಳೆಯಾಚೆಯ ಜಮೀನು ಊರಿನದು, ಊರಿನದೆಂದರೆ ಸಿಂಹಾಸನದ್ದು, ಅದನ್ನು ಕೊಡಬೇಕಾದವರು ನಮ್ಮ ದೊರೆ ನಾನಾ ಬೊವಾಚಿ. ಹಿರಿಯರಲ್ಲಿ ಒಬ್ಬರಾದ ಅದ್ದಾಯಿಗೆ ಅಲ್ಲಿ ಪೆಟ್ರೋಲ್ ಬಂಕ್ ಬರಬೇಕೆಂಬ ಆಸೆ. ನಾನಾ ಜಮೀನು ಕೊಟ್ಟರೆ ವಿಭಾಗ ಅಸುಕೋಮದಲ್ಲಿ ಉಳಿಯುತ್ತದೆ, ಫ್ರೇಮಾ ಅದಕ್ಕೆ ನಮ್ಮೂರಿನ ಮೊದಲ ಅಧ್ಯಾಪಕಿಯಾಗುತ್ತಾಳೆ. ಕೊಡದಿದ್ದರೆ ಯಂತ್ರಗಳೂ ವಿಭಾಗವೂ ಅಕ್ರಾ ಪಟ್ಟಣಕ್ಕೆ ಹೋಗುತ್ತವೆ. ಅಲ್ಲಿ ಪಾಠ ಹೇಳಲು ಪಟ್ಟಣದವರೇ ಬೇಕಾದಷ್ಟು ಮಂದಿ ಸಾಲುಗಟ್ಟಿದ್ದರು. ನಾನಾ ಒಂದೇ ಮಾತು ಹೇಳಿ ಕಳಿಸಿದ್ದರು: "ಶುಕ್ರವಾರ ಸಭೆ. ನಿಮ್ಮ ವಿದ್ಯೆಯನ್ನ ಕಣ್ಣಿಂದ ನೋಡ್ತೀನಿ, ಆಮೇಲೆ ಮಾತು."

ಸೋಮವಾರ ಯಂತ್ರದ ಕಾಲಿಗೆ ಗಾಲಿ ಕೂರಿಸಲು ನಾನೂ ನಮ್ಮ ಗ್ಯಾರೇಜಿನ ಮಾಸ್ಟರೂ ಹೋದೆವು. ಮಾಸ್ಟರ್ ಅದನ್ನು ಮೊದಲ ಸಲ ನೋಡುತ್ತಿದ್ದರು. ಗಾಲಿ ಹಾಕಿ, ಗೋಡೆಯ ಕಡೆಯಿಂದ ನಮ್ಮ ಕಡೆಗೆ ತಿರುಗಿಸಿದೆವು. ಮಾಸ್ಟರ್ ಎದುರಿಗೆ ನಿಂತು ತಲೆ ಓರೆ ಮಾಡಿದರು.

"ಏನೋ ಇದು?"

"ಕೈ, ಮಾಸ್ಟರ್."

"ಕೈ ಅಂತ ಕಾಣ್ತದೆ ಕಣೋ. ಯಾವ ಕೈ?"

ಆ ಯಂತ್ರ ಯಾವಾಗಲೂ ಗೋಡೆಗೆ ಮುಖ ಮಾಡಿಕೊಂಡೇ ಕೆಲಸ ಮಾಡುತ್ತಿತ್ತು. ಎದುರಿಗೆ ಒಬ್ಬ ಮನುಷ್ಯ ನಿಂತ ಮೇಲಲ್ಲವೇ ಕೈಗೆ ಎಡ ಬಲ ಹುಟ್ಟುವುದು?

"ಶುಕ್ರವಾರ ಮೈದಾನದಲ್ಲಿ ನಾನಾ ಇದರ ಎದುರಿಗೇ ಕೂತ್ಕೊಳ್ತಾರೆ" ಎಂದು ಮಾಸ್ಟರ್ ತಾವು ನಿಂತ ಜಾಗ ತೋರಿಸಿದರು. "ಈ ಕಬ್ಬಿಣದ ಮಗ ಅವರ ಮೂಗಿನ ಮುಂದೆ ಎಡಗೈ ಆಡಿಸ್ತಾನೆ. ಆಮೇಲೆ ನೀವು ಜಮೀನು ಕೇಳ್ತೀರ. ಬಹಳ ಚೆನ್ನಾಗಿದೆ! ನಾನು ಸಾವಿನ ಬಟ್ಟೆ ಇಸ್ತ್ರಿ ಮಾಡಿಸಿಟ್ಕೊಳ್ತೀನಿ."

ಮಾರೈಕೆ ಮೇಡಂಗೆ ನಮ್ಮ ಭಾಷೆ ಸಾಕಷ್ಟು ಬರುತ್ತಿತ್ತು. "ಇದು ಯಂತ್ರ ಅಲ್ವಾ? ಯಂತ್ರಕ್ಕೆ ಎಂಥ ಎಡ, ಎಂಥ ಬಲ?" ಎಂದರು.

ವಿಶ್ವವಿದ್ಯಾಲಯದ ಮುಖ್ಯಸ್ಥ ಡಾಕ್ಟರ್ ಬೊಂಸು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. "ಮೇಡಂ, ನಮ್ಮೂರಲ್ಲಿ ಕುರ್ಚಿಗೂ ಎಡ ಬಲ ಇದೆ. ಫ್ರೇಮಾ, ಕೈಯನ್ನ ಬಲಕ್ಕೆ ಹಾಕಿಸಮ್ಮ. ಇವತ್ತೇ."

"ಸಾರ್, ಅದು ಕಲಿತಿರೋದೇ ಎಡಗಡೆಯಿಂದ."

"ಬಲಗಡೆಯಿಂದ ಕಲೀಲಿ."

ನನ್ನ ನೆತ್ತಿಗೆ ರಕ್ತ ಏರಿತು. ಅವಳು ಇಷ್ಟು ಓದಿ, ಕಡಲು ದಾಟಿ ಬಂದ ಮೇಲೂ ಅದೇ ಬೆಂಚು, ಅದೇ ಬಟ್ಟೆ. "ನಾನು ಮುಟ್ಟಲ್ಲ" ಎಂದೆ. "ಬೇಕಾದ್ರೆ ನೀವೇ ವೆಲ್ಡ್ ಮಾಡ್ಕೊಳ್ಳಿ, ಡಾಕ್ಟ್ರೇ. ಆ ಟೈ ಬಿಚ್ಚಿಟ್ಟು ಮಾಡಿ, ಬೆಂಕಿ ಹತ್ಕೊಂಡೀತು."

"ಆಂಟ್ವಿ!" ಎಂದು ಮಾಸ್ಟರ್ ನನ್ನನ್ನು ಗದರಿದರು.

ಫ್ರೇಮಾ ನನ್ನನ್ನು ಬಾಗಿಲ ಹೊರಗೆ ಎಳೆದುಕೊಂಡು ಹೋದಳು. "ಅಣ್ಣ, ನೀನು ಬೆತ್ತ ಎಸೆದೆ. ಆಮೇಲೆ ಏನಾಯ್ತು? ನನ್ನ ಕೈ ಬಿಚ್ಚಿದ್ರಾ? ಹೊಸ ಬೆತ್ತ ತಂದ್ರು. ನಿನ್ನ ಸಿಟ್ಟು ನಂಗಿಷ್ಟ, ಆದ್ರೆ ಅದ್ರಿಂದ ಒಂದು ನಟ್ಟೂ ತಿರುಗಲ್ಲ. ಬಲಕ್ಕೆ ಹಾಕಿಕೊಡು. ನೋಡೋಣ."

ಹಾಕಿಕೊಟ್ಟೆ. ಹಲ್ಲು ಕಚ್ಚಿಕೊಂಡೇ ಹಾಕಿಕೊಟ್ಟೆ.

ಆಗಲಿಲ್ಲ. ಕೈ ಬಲಕ್ಕೆ ಬಂದೊಡನೆ ಅದರ ನೆರಳು ಚಾಪೆಯ ಮೇಲೆ ಬಿತ್ತು. ನೆರಳು ಬಿದ್ದ ಒಳ್ಳೆಯ ಬೀಜವೆಲ್ಲ ಕ್ಯಾಮೆರಾಕ್ಕೆ ಕಪ್ಪಾಗಿ ಕಂಡು, ಬಂಗಾರದಂಥ ಬೀಜಗಳನ್ನು ಅದು ಒಂದೊಂದಾಗಿ ಕಸದ ಡಬ್ಬಕ್ಕೆ ಹಾಕತೊಡಗಿತು. ದೀಪ ಸರಿಸಿದರು, ಆಗಲಿಲ್ಲ. ಇನ್ನೊಂದು ದೀಪ ತೂಗುಹಾಕಿದರು, ಎರಡು ನೆರಳು ಬಿದ್ದವು. ಹೊಸದಾಗಿ ಕಲಿಸಬೇಕೆಂದರೆ ಇನ್ನೊಂದು ಸುಗ್ಗಿಯೇ ಬೇಕು ಎಂದು ಮೇಡಂ ಹೇಳಿದರು.

ಬುಧವಾರ ಬೊಂಸು ಕೈಚೆಲ್ಲಿದರು. "ಯಂತ್ರ ಬೇಡವೇ ಬೇಡ. ಒಳ್ಳೊಳ್ಳೆ ಫೋಟೋ ಹಾಕಿ ತೋರಿಸೋಣ."

"ನಾನಾ ಕಣ್ಣಿಂದ ನೋಡ್ತೀನಿ ಅಂದಿದ್ದಾರೆ" ಎಂದೆ ನಾನು. "ಫೋಟೋ ತೋರಿಸಿ ಮುಗಿಸೋಕೆ ನಾವೇನು ಹೆಣ್ಣು ಕೊಡಿಸೋ ದಲ್ಲಾಳಿಗಳಾ?"

"ಇವನನ್ನ ಒಳಗೆ ಬಿಟ್ಟೋರು ಯಾರು?" ಎಂದರು ಬೊಂಸು.

ಫ್ರೇಮಾ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಡಗೈಯ ಉಗುರು ಕಚ್ಚುತ್ತಾ ಆ ಕಬ್ಬಿಣವನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಒಂದು ಬಾಟಲಿ ಜಿನ್ ತಗೊಂಡು ಬಾ. ಒಚಾಮೆ ತಾತನ ಮನೆಗೆ ಹೋಗಬೇಕು" ಎಂದಳು.

ನಾನಾ ಅವರೊಡನೆ ನೇರವಾಗಿ ಮಾತಾಡುವವರಿಲ್ಲ. ನಮ್ಮ ಮಾತು ದೊರೆಯ ಮಾತುಗಾರನಾದ ಒಚಾಮೆಯ ಕಿವಿಗೆ, ಒಚಾಮೆಯ ಬಾಯಿಂದ ನಾನಾ ಅವರ ಕಿವಿಗೆ. ಅವರ ಮಾತು ಬರುವುದೂ ಅದೇ ದಾರಿಯಲ್ಲಿ. ನಮ್ಮ ಒಚಾಮೆ ಡ್ವುಮೊ ತಾತನಿಗೆ ಹಲ್ಲುಗಳೇನೋ ಕಡಿಮೆ, ಮಾತಿಗೆ ಬರವಿಲ್ಲ. ನಾವು ಹೋದಾಗ ಅಂಗಳದಲ್ಲಿ ಕೂತು ಫುಫು ಮುದ್ದೆ ನುಂಗುತ್ತಿದ್ದ. ಹಿರಿಯರನ್ನು ಕಾಣುವಾಗ ಒಯ್ಯಲೇಬೇಕಾದ ಬಾಟಲಿ ಮುಂದಿಟ್ಟೆವು. ಅದನ್ನು ನೋಡದವನಂತೆ ನೋಡಿದ.

"ಊಟದ ಹೊತ್ತಿಗೆ ಬಂದಿದ್ದೀರಿ ಅಂದ್ರೆ ಒಳ್ಳೆ ಸುದ್ದಿ ಇರಬೇಕು, ಇಲ್ಲ ತೀರಾ ಕೆಟ್ಟದ್ದಿರಬೇಕು."

ಫ್ರೇಮಾ ಎಲ್ಲ ಹೇಳಿದಳು. ತಾತ ಸಾರು ಹೀರಿದ.

"ನಾನಾ ಎದುರಿಗೆ ಎಡಗೈ. ಹೂಂ. ನಮ್ಮಜ್ಜನ ಕಾಲದಲ್ಲಾಗಿದ್ರೆ ಒಂದು ಕುರಿ ಕಡೀಬೇಕಿತ್ತು. ಕುರಿ ಇದೆಯಾ?"

"ಇಲ್ಲ ತಾತ. ಬಲಗೈ ಮುರಿದೋನು ಏನು ಮಾಡ್ತಾನೆ?"

"ಎಡಗೈ ಕ್ಷಮಿಸಿ ಅಂತ ಮೊದ್ಲೇ ಕೇಳ್ಕೊಳ್ತಾನೆ. ಕೇಳ್ಕೊಂಡ್ರೆ ತಪ್ಪಿಲ್ಲ. ಆದ್ರೆ ಇದು ಮುರಿದ ಕೈ ಅಲ್ವಲ್ಲಮ್ಮ. ನೀನೇ ಬೇಕು ಅಂತ ಅಲ್ಲಿ ಇಟ್ಟಿರೋದು. ಯಾಕೆ ಅಂತ ಅವರು ಕೇಳ್ತಾರೆ. ಅದ್ದಾಯಿ ಅಂತೂ ಕೇಳೇ ಕೇಳ್ತಾನೆ."

"ಕೇಳಲಿ. ಉತ್ತರ ಇದೆ."

"ನಂಗೆ ಈಗ್ಲೇ ಹೇಳ್ಬಿಡು."

"ಹೇಳಿದ್ರೆ ಶುಕ್ರವಾರದವರೆಗೆ ಹೊಟ್ಟೇಲಿ ಇಟ್ಕೊಳ್ತೀಯಾ ತಾತ?"

ಮುದುಕ ಕೆಮ್ಮಿದ, ಆಮೇಲೆ ಬೊಚ್ಚುಬಾಯಿ ಬಿಟ್ಟು ನಕ್ಕ. "ಇಲ್ಲ, ಇಟ್ಕೊಳ್ಳಲ್ಲ. ಸಂಜೆಯೊಳಗೆ ಊರಿಗೆಲ್ಲ ಬಡಿಸ್ತೀನಿ. ಸರಿ, ಹೋಗು. ನಿನ್ನ ಮಾತನ್ನ ನಾನು ಮುಟ್ಟಿಸ್ತೀನಿ. ಒಗ್ಗರಣೆ ನಾನು ಹಾಕ್ತೀನಿ, ಉಪ್ಪು ಮಾತ್ರ ನಿಂದೇ ಇರ್ಬೇಕು."

ಗುರುವಾರ ಕೈ ಮತ್ತೆ ಎಡಕ್ಕೆ ಬಂತು. ಈ ಸಲ ನಾನು ಹಾಡುತ್ತಾ ವೆಲ್ಡ್ ಮಾಡಿದೆ. ಆದರೂ ಒಳಗೆ ಅಳುಕಿತ್ತು. ಅವಳ ಉತ್ತರ ಏನೆಂದು ನನಗೂ ಹೇಳಿರಲಿಲ್ಲ.

ಶುಕ್ರವಾರ ಮೈದಾನದಲ್ಲಿ ಜನವೋ ಜನ. ಮರದ ಮೇಲೆ ಹುಡುಗರು, ಗೋಡೆಯ ಮೇಲೆ ಹುಡುಗರು. ನಗಾರಿಗಳು ಎದೆಯೊಳಗೇ ಬಾರಿಸಿದಂತೆ ಕೇಳುತ್ತಿದ್ದವು. ದೊಡ್ಡ ಛತ್ರಿಯ ಕೆಳಗೆ, ಬಣ್ಣಬಣ್ಣದ ಕೆಂಟೆ ಬಟ್ಟೆ ಹೊದ್ದು, ಚಿನ್ನದ ಬಳೆಗಳ ಭಾರಕ್ಕೆ ಒಂದು ಕೈಯನ್ನು ಸೇವಕನ ಹೆಗಲ ಮೇಲಿಟ್ಟುಕೊಂಡು ನಾನಾ ಬೊವಾಚಿ ಬಂದು ಕೂತರು. ಪಕ್ಕದಲ್ಲಿ ದಂಡ ಹಿಡಿದು ಒಚಾಮೆ. ಅಂಗಳದಲ್ಲಿ ಫುಫು ನುಂಗುತ್ತಿದ್ದ ಮುದುಕ ಇವನೇ ಎಂದರೆ ಯಾರೂ ನಂಬುವಂತಿರಲಿಲ್ಲ.

ಯಂತ್ರವನ್ನು ತಳ್ಳಿಕೊಂಡು ತಂದೆವು. ಕೈ ಎಡಕ್ಕಿರುವುದು ಕಂಡು ಬೊಂಸು ಬೂದಿಯ ಬಣ್ಣಕ್ಕೆ ತಿರುಗಿದರು. "ಫ್ರೇಮಾ, ಏನಮ್ಮ ಇದು?" ಎಂದು ಉಸಿರಲ್ಲೇ ಕೇಳಿದರು.

"ನಿಮ್ಮ ಫೋಟೋ ಬ್ಯಾಗಲ್ಲೇ ಇರ್ಲಿ ಸಾರ್. ನಾನು ಸೋತ್ರೆ ತೋರಿಸಿ."

ಅವಳು ದೊರೆಯ ಮುಂದೆ ಮರ್ಯಾದೆಗೆಂದು ಚಪ್ಪಲಿ ಬಿಟ್ಟು, ಭುಜದ ಬಟ್ಟೆ ಇಳಿಸಿ, ಒಚಾಮೆಯ ಕಡೆಗೆ ಬಾಗಿದಳು. "ಒಚಾಮೆ, ನಾನಾ ಅವರಿಗೆ ಮುಟ್ಟಿಸಿ. ಅವರ ಊರಿನ ಮೊಮ್ಮಗಳು ಒಂದು ಕೆಲಸ ತೋರಿಸೋಕೆ ಬಂದಿದ್ದಾಳೆ. ಈ ಕೆಲಸ ಎಡಗೈಯದ್ದು. ಮೊದಲೇ ಕ್ಷಮೆ ಕೇಳ್ತಿದ್ದಾಳೆ."

ಜನ ಗುಜುಗುಟ್ಟಿದರು. ಒಚಾಮೆ ಅದನ್ನೇ ತೆಗೆದುಕೊಂಡು, ನದಿ, ಕಾಡು, ಹಿರಿಯರ ಕಾಲಡಿಯ ಧೂಳು ಎಲ್ಲ ಸೇರಿಸಿ, ಮೂರು ಪಟ್ಟು ಉದ್ದಮಾಡಿ ಮುಟ್ಟಿಸಿದ. ನಾನಾ ಕಣ್ಣು ಮಿಟುಕಿಸಲಿಲ್ಲ. ಗದ್ದ ಒಂದಿಷ್ಟು ಅಲ್ಲಾಡಿತು. ಮುಂದುವರಿಸು ಎಂದರ್ಥ.

ಆಗ ಹಿರಿಯ ಅದ್ದಾಯಿ ಎದ್ದರು. ತಮ್ಮ ಮನೆಯ ಚೀಲವನ್ನೇ ತರಿಸಿದ್ದರು. "ಅವರು ಆರಿಸಿಟ್ಟ ಬೀಜದಲ್ಲಿ ಆಟ ಬೇಡ. ನನ್ನದು ಹಾಕಲಿ" ಎಂದು ಚಾಪೆಯ ಮೇಲೆ ಸುರಿಸಿದರು. ಮೊದಲೇ ಕೆಟ್ಟ ಬೀಜ ಕಲಸಿ ತಂದಿದ್ದು ನೋಡಿದವರಿಗೆಲ್ಲ ಗೊತ್ತಾಗುವಂತಿತ್ತು.

ಫ್ರೇಮಾ ಗುಂಡಿ ಒತ್ತಿದಳು.

ಕೈ ಎದ್ದಿತು. ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಆಮೇಲೆ ಕೊಕ್ಕರೆಯಂತೆ ಬಾಗಿ ಬೂಸ್ಟು ಬೀಜವೊಂದನ್ನು ಹೆಕ್ಕಿತು. ಇನ್ನೊಂದು. ಮತ್ತೊಂದು. ಅದ್ದಾಯಿ ಬಗ್ಗಿ ಬಗ್ಗಿ ನೋಡಿದರು. ಡಬ್ಬದಿಂದ ಒಂದು ಬೀಜ ಎತ್ತಿಕೊಂಡು ಹಲ್ಲಲ್ಲಿ ಸೀಳಿದರು. ಒಳಗೆ ಬೂದು ಬಣ್ಣ. ಥೂ ಎಂದು ಉಗಿದರು. ಹೆಂಗಸರ ಕಡೆಯಿಂದ ನಗು ಎದ್ದಿತು. "ತಾತ, ಒಳ್ಳೇದನ್ನೂ ಒಂದು ಕಚ್ಚಿ ನೋಡಿ!" ಎಂದು ಯಾರೋ ಕೂಗಿದರು. ಅವರು ಚಾಪೆಯಿಂದ ಎತ್ತಿ ಕಚ್ಚಿದರು. ಉಗಿಯಲಿಲ್ಲ.

ಆದರೆ ಸುಮ್ಮನೆ ಕೂರುವ ಜಾತಿಯಲ್ಲ ಅದ್ದಾಯಿ. "ಒಚಾಮೆ, ಕೆಲಸ ಆಯ್ತು, ಒಪ್ಪಿದೆ. ಆದ್ರೆ ಇಷ್ಟು ಓದಿದ ಹುಡುಗಿಗೆ, ಇಷ್ಟು ಬುದ್ಧಿ ಇರೋ ಬಿಳಿ ಜನಕ್ಕೆ, ಒಂದು ಬಲಗೈ ಮಾಡೋಕೆ ಆಗ್ಲಿಲ್ವಾ? ನಮ್ಮ ಸಿಂಹಾಸನದ ಎದುರು ಎಡಗೈ ಯಾಕೆ? ನಮಗೆ ಇಷ್ಟೇನಾ ಬೆಲೆ?"

ನಾನಾ ಒಚಾಮೆಯ ಕಡೆ ತಿರುಗಿ ಮೆಲ್ಲಗೆ ಏನೋ ಅಂದರು. ಒಚಾಮೆ ದಂಡವನ್ನು ನೆಲಕ್ಕೆ ಕುಟ್ಟಿದ. "ನಾನಾ ಕೇಳ್ತಿದ್ದಾರೆ. ಹಿರಿಯರ ಮಾತಿಗೆ ಉತ್ತರ ಏನು?"

ಮಾರೈಕೆ ಮೇಡಂ ಎದ್ದು ತಪ್ಪು ತಮ್ಮದೆಂದು ಹೇಳಲು ಹೊರಟರು. ಫ್ರೇಮಾ ಅವರ ತೋಳು ಮುಟ್ಟಿ ಕೂರಿಸಿದಳು.

"ಒಚಾಮೆ, ಹಿರಿಯರನ್ನೇ ಒಂದು ಮಾತು ಕೇಳ್ತೀನಿ. ನಮ್ಮ ಮನೆಗಳಲ್ಲಿ ಹೊಲಸು ತೆಗೆಯೋ ಕೈ ಯಾವುದು?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸರಲ್ಲಿ ಒಬ್ಬಳು ಗಟ್ಟಿಯಾಗಿ, "ಎಡಗೈ ಕಣಮ್ಮ, ಇನ್ಯಾವುದು!" ಎಂದಳು.

"ಈ ಕೈ ಯಾರಿಗೂ ಏನೂ ಕೊಡಲ್ಲ. ಕೊಳೆತದ್ದನ್ನ ತೆಗೆದು ಹಾಕೋದಷ್ಟೇ ಇದರ ಕೆಲಸ. ಒಳ್ಳೆ ಬೀಜವನ್ನ ಇದು ಮುಟ್ಟೇ ಇಲ್ಲ, ಹಿರಿಯರು ಬೇಕಾದ್ರೆ ಚಾಪೆ ನೋಡಲಿ. ಕೊಳೆತದ್ದನ್ನ ಬಲಗೈಲಿ ಮುಟ್ಟಿಸಿ, ಅದೇ ಬಲಗೈಲಿ ನಾನಾ ಅವರಿಗೆ ಕೊಟ್ಟಿದ್ರೆ, ಅದು ಅವಮಾನ ಆಗ್ತಿತ್ತು." ಅವಳು ಬಗ್ಗಿ ಚಾಪೆಯ ಮೇಲೆ ಉಳಿದ ಒಳ್ಳೆಯ ಬೀಜವನ್ನು ಬಟ್ಟಲಿಗೆ ತುಂಬಿದಳು, ಬಲಗೈಯಲ್ಲಿ ಹಿಡಿದು ಒಚಾಮೆಗೆ ನೀಡಿದಳು. "ಕೊಡೋಕೆ ನನ್ನ ಬಲಗೈ ಇದೆ. ಎಡಗೈ ಬಲಗೈನ ತೊಳೆಯತ್ತೆ, ಬಲಗೈ ಎಡಗೈನ ತೊಳೆಯತ್ತೆ ಅಂತ ನೀವೇ ನಮಗೆ ಹೇಳಿಕೊಟ್ಟೋರು."

ಆಮೇಲೆ ಹೆಂಗಸರ ಸಾಲಿನಿಂದ ಶುರುವಾದ ಕೂಗು ಮರದ ಮೇಲಿನ ಹುಡುಗರವರೆಗೂ ಹೋಯಿತು. ನಗಾರಿಯವರು ಅಪ್ಪಣೆ ಕೇಳದೆ ಬಾರಿಸಿದರು. ನಾನು ಕೂಗಲು ಬಾಯಿ ತೆರೆದರೆ ಕತ್ತೆಯಂಥ ಸದ್ದು ಬಂತು. ಮಾಸ್ಟರ್ ನನ್ನ ಬೆನ್ನಿಗೆ ಗುದ್ದುತ್ತಲೇ ಇದ್ದರು. ಒಚಾಮೆ ಆ ಉತ್ತರಕ್ಕೆ ಒಗ್ಗರಣೆ ಹಾಕಲು ಬಾಯಿ ತೆರೆದವನು, ಬೇಡವೆಂದು ಮುಚ್ಚಿಕೊಂಡ. ಅವನ ಆಯುಷ್ಯದಲ್ಲಿ ಅದೇ ಮೊದಲಂತೆ. "ನಾನಾ, ಕೇಳಿಸಿಕೊಂಡಿರಲ್ಲ" ಎಂದಷ್ಟೇ ಹೇಳಿದ.

ನಾನಾ ಕೆಂಟೆಯ ಅಂಚಿನಿಂದ ಬಾಯಿ ಮರೆಮಾಡಿಕೊಂಡಿದ್ದರು. ದೊರೆ ನಗುವುದನ್ನು ಜನ ನೋಡಬಾರದು, ಆದರೆ ಛತ್ರಿಯ ಜಾಲರಿ ಅಲುಗಾಡುವಷ್ಟು ಅವರ ಹೆಗಲು ಕುಣಿಯುತ್ತಿತ್ತು. ಹಿರಿಯರು ತಲೆಗೆ ತಲೆ ಸೇರಿಸಿದರು. ಅದ್ದಾಯಿ ಏನೋ ಅಂದರು, ಇನ್ನೊಬ್ಬರು ಏನೋ ಅಂದರು, ಕೊನೆಗೆ ಅದ್ದಾಯಿಯೇ ಕೈ ಎತ್ತಿ ಸಾಕು ಎಂದರು. ಒಚಾಮೆ ಮುಂದೆ ಬಂದ.

"ನಾನಾ ಹೇಳ್ತಾರೆ. ಹೊಳೆಯಾಚೆಯ ಜಮೀನು ವಿದ್ಯೆಗೆ. ಯಂತ್ರಗಳು ಇಲ್ಲಿಗೇ ಬರ್ಲಿ. ಕಡಲಾಚೆಯ ಗೆಳೆಯರು ಬಂದು ಕೂತ್ಕೊಳ್ಳಲಿ, ಅವರ ಕುರ್ಚಿ ನಮ್ಮ ಕುರ್ಚಿಗಿಂತ ಎತ್ತರ ಇರೋದು ಬೇಡ, ತಗ್ಗೂ ಬೇಡ. ಮತ್ತೆ, ಅಲ್ಲಿ ಮೊದಲನೇ ಪಾಠ ಹೇಳೋಳು ಈ ಹುಡುಗಿ. ಇದು ಸಿಂಹಾಸನದ ಮಾತು."

ನಾನು ತಂದಿದ್ದಕ್ಕಿಂತ ದೊಡ್ಡ ಬಾಟಲಿಯೊಂದನ್ನು ತೆರೆದು, ತೀರಿಹೋದ ಹಿರಿಯರ ಹೆಸರು ಕೂಗಿ ಕೂಗಿ ನೆಲಕ್ಕೆ ಎರೆದರು. ಬೊಂಸು ಕರವಸ್ತ್ರವನ್ನು ಹಿಂಡಿ ಜೇಬಿಗಿಟ್ಟುಕೊಂಡು, ತಾನು ಮೊದಲಿಂದಲೂ ಎಡಗೈ ಪಕ್ಷವೇ ಎಂದು ಪತ್ರಿಕೆಯವರಿಗೆ ಹೇಳತೊಡಗಿದರು. ಬೇಕಾದರೆ ಹೇಳಿಕೊಳ್ಳಲಿ. ಮಾರೈಕೆ ಮೇಡಂ ಮಾತ್ರ ಯಾರಿಗೂ ಏನೂ ಹೇಳದೆ ಯಂತ್ರದ ಪಕ್ಕ ನಿಂತು ಅಳುತ್ತಿದ್ದರು. ಟೊಮೇಟೊ ಮಾರುವವಳು ತನ್ನ ಬಟ್ಟೆಯ ತುದಿಯಿಂದ ಅವರ ಮುಖ ಒರೆಸುತ್ತಿದ್ದಳು.

ಫ್ರೇಮಾಳ ಸುತ್ತ ಜನ ಎಷ್ಟು ಸೇರಿದರೆಂದರೆ ನಾನು ಹತ್ತಿರ ಹೋಗಲಾಗದೆ ಹಿಂದೆಯೇ ನಿಂತೆ. ಪಕ್ಕದೂರಿನ, ಬಿಳಿ ಬಟ್ಟೆಯ ದಪ್ಪ ಹೆಂಗಸೊಬ್ಬಳು ನನ್ನ ಮೊಣಕೈ ತಿವಿದಳು.

"ಏ ಹುಡ್ಗ, ಆ ಹುಡ್ಗಿ ಯಾವ ಕುಲದೋಳು ಗೊತ್ತಾ? ತಾಯಿ ಕಡೆ ಯಾರು?"

"ಅಸೋನ" ಎಂದೆ.

"ನೋಡಿದ್ರಾ!" ಎಂದು ಅವಳು ಜೊತೆಯವರ ಕಡೆ ತಿರುಗಿ ಕೈ ಚಪ್ಪಾಳೆ ತಟ್ಟಿದಳು. "ನಾನು ಮುಖ ನೋಡೇ ಅಂದೆ, ನಮ್ಮ ಅಸೋನರ ಹುಡ್ಗೀನೇ ಅಂತ. ನನ್ನ ಮಗಳೇ ಆಗ್ಬೇಕು. ನಮ್ಮ ಕುಲದ ಬುದ್ಧಿ ಅದು."

"ನಿಮ್ಮ ಮಗಳಾ? ಅವಳ ಕೈನ ಬೆಂಚಿಗೆ ಕಟ್ಟಿದಾಗ ಎಲ್ಲಿದ್ರಿ ದೊಡ್ಡಮ್ಮ? ಆಗ ನಿಮ್ಮ ಕುಲ ಮಲಗಿತ್ತಾ?"

"ಅಯ್ಯೋ, ಏನೋ ಇವನ ಬಾಯಿ! ಯಾರೋ ನೀನು?"

"ಅವಳ ಅಣ್ಣ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗ್ರೀಸು ಹತ್ತಿದ ಅಂಗಿ, ಕಿಡಿ ಸಿಡಿದು ತೂತಾದ ಪ್ಯಾಂಟು, ಕೆಂಪು ಕಣ್ಣು. ಆಮೇಲೆ ಆ ದಪ್ಪ ತೋಳುಗಳಿಂದ ನನ್ನನ್ನೂ ಎದೆಗೆ ಒತ್ತಿಕೊಂಡಳು.

"ಹಾಗಾದ್ರೆ ನೀನೂ ನನ್ನ ಮಗನೇ ಕಣೋ, ಸಿಡುಕ! ನಡಿ, ದಾರಿ ಬಿಡಿಸು, ನಿನ್ನ ತಂಗಿನ ನಾನು ನೋಡ್ಬೇಕು."

ಬೈಯಬೇಕೆಂದು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಎರಡೂ ಮೊಣಕೈಗಳಿಂದ ಜನರನ್ನು ಸೀಳುತ್ತಾ, "ದಾರಿ ಬಿಡಿ, ದಾರಿ ಬಿಡಿ, ಅಧ್ಯಾಪಕಿಯ ಮನೆಯವರು ಬರ್ತಿದ್ದಾರೆ!" ಎಂದು ಕೂಗುತ್ತಾ ಅವಳನ್ನು ಕರೆದುಕೊಂಡು ಹೋದೆ.